ಶಾಂತಿಪಡೆಯ ಪಾಠ ಹೇಳಿದ ಮಂಗಳಗೌರಿಯವರು

ಎಣ್ಣೆ ಗಿರಣಿಗಳ ಊರಾದ ಚಳ್ಳಕೆರೆಯಲ್ಲಿ ಇಪ್ಪತ್ತೊಂಬತ್ತು ವರ್ಷಗಳ ಕಾಲ ಅಂತರರಾಷ್ಟ್ರೀಯ ಸಂಬಂಧಗಳನ್ನು ಅಚ್ಚಗನ್ನಡದಲ್ಲಿ ಬೋಧಿಸಿ, ದೂರದೇಶಗಳ ಸಂಧಾನಗಳನ್ನು ನಮ್ಮ ಮಕ್ಕಳಿಗೆ ಮನೆಮಾತಾಗಿಸಿದ ರಾಜ್ಯಶಾಸ್ತ್ರ ಅಧ್ಯಾಪಕಿ ಶ್ರೀಮತಿ ಮಂಗಳಗೌರಿಯವರು ಈ ಮಾರ್ಚ್ ಕೊನೆಗೆ ನಿವೃತ್ತರಾಗುತ್ತಿದ್ದಾರೆ.

ಮೊಳಕಾಲ್ಮೂರಿನ ವ್ಯಾಪಾರಿ ಮನೆತನದ ಮಗಳಾದ ಅವರು ೧೯೭೮ರಲ್ಲಿ ಇಲ್ಲಿನ ಕಾಲೇಜಿಗೆ ಕೆಲಸಕ್ಕೆ ಸೇರಿದರು. ವಿಶ್ವಸಂಸ್ಥೆಗೆ ಸ್ವಂತ ಸೈನ್ಯವಿಲ್ಲ, ಕೆಲವು ದೇಶಗಳು ಸೈನಿಕರನ್ನು ಕಳಿಸುತ್ತವೆ, ಸಿರಿವಂತ ದೇಶಗಳು ಖರ್ಚು ಕೊಡುವುದಾಗಿ ಸಭೆಯಲ್ಲಿ ಮಾತು ಕೊಡುತ್ತವೆ ಎಂದು ವರ್ಷವರ್ಷವೂ ವಿವರಿಸುತ್ತಿದ್ದರು.

೨೦೦೦ನೇ ಇಸವಿಯ ಜೂನ್‌ನಲ್ಲಿ ಆ ಪಾಠ ಅವರ ಬಾಗಿಲಿಗೇ ಬಂತು. ಅವರ ಹಳೆಯ ವಿದ್ಯಾರ್ಥಿ, ಬಿ.ಜಿ. ಕೆರೆಯ ಕುರಿಗಾಹಿ ಮನೆಯ ಬಾಲರಾಜ್, ಪಶ್ಚಿಮ ಆಫ್ರಿಕಾದಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿದ್ದರು. ಅವರ ತುಕಡಿಯನ್ನು ಬಂಡುಕೋರರು ಸುತ್ತುವರಿದಿದ್ದರು. ತಾಯಿ ಕ್ಯಾತಮ್ಮ ಪತ್ರಿಕೆ ಹಿಡಿದು ಕಾಲೇಜಿಗೆ ಬಂದರು.

"ಊರಾಗೆ ಎಲ್ರೂ ಏನೂ ಆಗಲ್ಲ ಅಂತಾರೆ ಮೇಡಮ್ಮಾರೆ. ನೀವು ಇದ್ದಂಗೆ ಓದಿ ಹೇಳ್ರಿ."

ಮಂಗಳಗೌರಿಯವರು ಇದ್ದಂತೆಯೇ ಓದಿದರು. ಎರಡು ವಾರಕ್ಕಾಗುವಷ್ಟೇ ದಿನಸಿ ಉಳಿದಿದೆ, ದೇಶಗಳು ಒಪ್ಪಿಕೊಂಡ ಹಣ ಬಾರದ್ದರಿಂದ ಹೆಲಿಕಾಪ್ಟರುಗಳು ಸಾಲುತ್ತಿಲ್ಲ, ಮಾತುಕತೆ ನಡೆದಿದೆ.

"ಯಾರದೋ ಜಗಳಕ್ಕೆ ನನ್ ಮಗ ಯಾಕ್ ಹೋದ?"

"ಅಲ್ಲೂ ತಾಯಂದಿರು ಇದ್ದಾರಲ್ಲ ಕ್ಯಾತಮ್ಮ. ಹೊಡೆದಾಡೋರ ನಡುವೆ ಯಾರಾದ್ರೂ ನಿಲ್ಲಬೇಕು."

"ನಿಲ್ಲಲಿ. ನಿಂತೋರಿಗೆ ಬುತ್ತಿ ಕಟ್ಟೋರು ಯಾರು?"

ಇಪ್ಪತ್ತೆರಡು ವರ್ಷ ಪಾಠ ಹೇಳಿದ್ದ ಮಂಗಳಗೌರಿಯವರು "ಕಟ್ತೀವಿ ಅಂದೋರು ಇನ್ನೂ ಕಟ್ಟಿಲ್ಲ" ಎಂದಷ್ಟೇ ಹೇಳಿ, ಆ ತಾಯಿಯ ಕೈ ಹಿಡಿದು ಕುಳಿತರು.

ಅಂದಿನಿಂದ ಪ್ರತಿ ಸಂಜೆ ತರಗತಿ ಮುಗಿಸಿ ಬಿ.ಜಿ. ಕೆರೆಯ ಬಸ್ಸು ಹತ್ತಿದರು. ಒಳ್ಳೆಯದಿರಲಿ ಕೆಟ್ಟದ್ದಿರಲಿ, ಸುದ್ದಿಯನ್ನು ಮುಚ್ಚಿಡದೆ ಓದಿದರು. ದೆಹಲಿಗೆ ಬರೆದ ಪತ್ರಕ್ಕೆ ಬಂದ ಎರಡು ಸಾಲಿನ ಒಣ ಉತ್ತರವನ್ನೂ ಓದಿದರು. ಸುದ್ದಿಯೇ ಇಲ್ಲದ ದಿನಗಳಲ್ಲಿ ಕ್ಯಾತಮ್ಮನೊಂದಿಗೆ ಶೇಂಗಾ ಸುಲಿದು ಬಂದರು.

ಇಪ್ಪತ್ತಾರನೆಯ ದಿನ, ಪಾಠದ ನಡುವೆಯೇ, ಅವರು ಪತ್ರದಲ್ಲಿ ಕೊಟ್ಟಿದ್ದ ಕಾಲೇಜಿನ ಸಂಖ್ಯೆಗೆ ಸೇನಾ ಕಚೇರಿಯಿಂದ ದೂರವಾಣಿ ಕರೆ ಬಂತು. ಮುತ್ತಿಗೆ ಮುರಿದಿತ್ತು, ಬಾಲರಾಜ್ ಕ್ಷೇಮವಾಗಿದ್ದರು. ಪುಸ್ತಕ ಮೇಜಿನ ಮೇಲೇ ಬಿಟ್ಟು ಬಸ್ ನಿಲ್ದಾಣಕ್ಕೆ ಓಡಿದ ಮಂಗಳಗೌರಿಯವರು, ಬಸ್ಸಿಳಿದು ಮತ್ತೆ ಓಡುತ್ತಲೇ ಕ್ಯಾತಮ್ಮನ ಅಂಗಳ ತಲುಪಿದರು.

"ಮೊದ್ಲು ನೀರ್ ಕುಡೀರಿ ಮೇಡಮ್ಮಾರೆ," ಎಂದರು ಕ್ಯಾತಮ್ಮ. "ನಿಮ್ ಮುಖಾನೇ ಹೇಳ್ತೈತೆ." ಆಮೇಲೆ ಇಬ್ಬರೂ ಬಹಳ ಹೊತ್ತು ಅತ್ತರು.

ರಜೆಗೆ ಬಂದ ಬಾಲರಾಜ್ ತರಗತಿಯಲ್ಲಿ ನಿಂತು, ದಿನಸಿ ತೀರಿದ ಮೇಲೆ ಜಗಳದಲ್ಲಿ ಶಾಲೆಯೂ ಮುಚ್ಚಿಹೋಗಿದ್ದ ಅಲ್ಲಿನ ಹಳ್ಳಿಯೊಂದರ ಜನ ತಮ್ಮ ಪಾಲಿನ ಗೆಣಸು ಹಂಚಿಕೊಂಡದ್ದನ್ನು ವಿವರಿಸಿದಾಗ, ಅಧ್ಯಾಪಕಿ ಹಿಂದಿನ ಬೆಂಚಿನಲ್ಲಿ ಕುಳಿತು ಬರೆದುಕೊಂಡರು.

ಆ ಟಿಪ್ಪಣಿಗಳು ಈಗ ಪುಸ್ತಕವಾಗುತ್ತಿವೆ. ಕೊನೆಯ ಅಧ್ಯಾಯ ಮಾತ್ರ ಬಾಕಿ: ಆ ಹಳ್ಳಿಯ ಶಾಲೆ ಮತ್ತೆ ತೆರೆಯಿತೇ ಎಂದು ವಿಚಾರಿಸಿ ಎರಡು ಪತ್ರ ಬರೆದು ಕಾದಿದ್ದಾರೆ. ಅವರಿಗೆ ಆಯುಷ್ಯ, ಆರೋಗ್ಯ, ಕಣ್ಣಿನ ಬೆಳಕು ತುಂಬಿರಲಿ. ಆ ಶಾಲೆ ತೆರೆದಿದೆಯೆಂಬ ಉತ್ತರ ಬೇಗ ಬರಲಿ.