ಬಗ್ಗಿ ನಡೆದ ಅಕ್ಕಯ್ಯಮ್ಮ

ಅಕ್ಕಯ್ಯಮ್ಮನಿಗೆ ಬೆಳಗಿನ ಜಾವದ ಹಾಲಿನ ದಾರಿಯೆಂದರೆ ಪ್ರಾಣ. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಹಾಲಿನ ಕ್ಯಾನು, ಕಾಲ ಕೆಳಗೆ ಇಬ್ಬನಿ. ಬಂಗಾರಪೇಟೆಯ ರೈಲು ಎಲ್ಲೋ ಕೂಗುತ್ತದೆ. ಉರಿಗಾಂ ಕಡೆ ಚಿನ್ನದ ಗಣಿ ಬಿಟ್ಟುಹೋದ ಸೈನೈಡ್ ಮಣ್ಣಿನ ದಿಬ್ಬಗಳು ಮಂಜಿನಲ್ಲಿ ತೇಲಿದಂತೆ ಕಾಣುತ್ತವೆ. ಡೈರಿ ಬರುವವರೆಗೆ ಅವಳನ್ನು ಯಾರೂ ಏನೂ ಕೇಳುವುದಿಲ್ಲ.

ಆ ದಾರಿಯೇ ಈಗ ಕೈತಪ್ಪುತ್ತಿತ್ತು. ಅರ್ಧ ನಡೆಯುವಷ್ಟರಲ್ಲಿ ಸೊಂಟದಿಂದ ಹಿಮ್ಮಡಿಯವರೆಗೆ ಜೋಮು. ಕುಕ್ಕರಗಾಲಲ್ಲಿ ಕೂತರೆ ಮಾಯ! ಎದ್ದು ನಡೆದರೆ ಮತ್ತೆ ಅದೇ ಪಾಡು. ಊರಿನ ಬಾಯಿಗೆ ಇಷ್ಟು ಸಾಲದೇ?

"ಆಲು ಕರೆಯಕ್ಕೆ ಕೂತ್ರೆ ನೋವಿಲ್ಲ, ಕಳೆ ಕೀಳಕ್ಕೆ ಬಗ್ಗಿದ್ರೆ ನೋವಿಲ್ಲ, ನಡೆಯಕ್ಕೆ ಮಾತ್ರ ನೋವಾ? ಯಾರ ಕಿವಿ ಮೇಲೆ ಊ ಮಡಗ್ತೀಯಕ್ಕಾ?" ಎಂದು ಪಕ್ಕದ ಮನೆಯ ಚಿಕ್ಕವೆಂಕಟಮ್ಮ ಡೈರಿಯ ಮುಂದೆ ಎಲ್ಲರನ್ನೂ ನಗಿಸಿದಳು. ಅಕ್ಕಯ್ಯಮ್ಮನೂ ನಕ್ಕಳು. ಮನೆಗೆ ಬಂದು ಹಸುವಿನ ಕೊರಳು ತಬ್ಬಿ ಅತ್ತಳು.

ಬಗ್ಗಿದವಳು ಮುದುಕಿ ಎನ್ನುವ ಊರು ಅದು. ಅವಳು ಹಠಕ್ಕೆ ಬಿದ್ದು, ಸೆರಗು ಬಿಗಿದು, ಎದೆ ಸೆಟೆಸಿ ನಡೆದಳು. ಸೆಟೆದಷ್ಟೂ ನೋವು ಏರಿತು. ಒಂದು ದಿನ ಕ್ಯಾನಿನ ಸಮೇತ ಕುಸಿದಳು, ಹಾಲೆಲ್ಲ ಮಣ್ಣುಪಾಲು.

"ಸಾಕು ಕಣಮ್ಮ. ಯುಗಾದಿ ಒಳಗೆ ಸರಿಯಾಗ್ದಿದ್ರೆ ಅಸೂನ ಮಾರ್ಬುಡ್ತೀನಿ," ಎಂದ ಮಗ ನಾಗೇಶ.

ಸೊಸೆ ಸುಮಲತ ಬಿಡಲಿಲ್ಲ, ಬಂಗಾರಪೇಟೆಗೆ ಕರೆದೊಯ್ದಳು. ಬೆನ್ನುಮೂಳೆಯೊಳಗೆ ನರ ಹೋಗುವ ದಾರಿ ಕಿರಿದಾಗಿದೆ ಎಂದರು ಡಾಕ್ಟರು. ಈಗಲೇ ಆಪರೇಷನ್ ಬೇಡ, ಮೊದಲು ವ್ಯಾಯಾಮ. ತಾಳಲಾಗದಿದ್ದರೆ ಮಾತ್ರೆ, ಬೇಕಾದರೆ ಬೆನ್ನಿಗೊಂದು ಇಂಜೆಕ್ಷನ್. ಕಾಲಿನ ಬಲ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ಮಾತ್ರ ತಡಮಾಡದೆ ಓಡಿ ಬನ್ನಿ ಎಂದರು.

ವ್ಯಾಯಾಮ ಹೇಳಿಕೊಡುವ ಕಲ್ಪನ ಕೇಳಿದಳು: "ಯಾವಾಗ ನೋವಿರಲ್ಲ, ಅಮ್ಮ?"

"ಏಳಿದ್ರೆ ನೀವೂ ನಗ್ತೀರಾ. ಆಲು ಕರೆಯೋವಾಗ."

ಕಲ್ಪನ ನಗಲಿಲ್ಲ. "ಸರಿಯಾಗೇ ಹೇಳ್ತಿದೀರಿ. ಬಗ್ಗಿದ್ರೆ ಒಳಗಿನ ದಾರಿ ಅಗಲ ಆಗುತ್ತೆ, ಸೆಟೆದ್ರೆ ಇಕ್ಕಟ್ಟಾಗುತ್ತೆ. ತಲೆ ಮೇಲೆ ಹೊರೋದು ಬಿಡಿ. ಏನನ್ನಾದ್ರೂ ತಳ್ಕೊಂಡು, ಸ್ವಲ್ಪ ಮುಂದಕ್ಕೆ ಬಾಗಿ ನಡೀರಿ."

ಅಬ್ಬಾ, ತನ್ನನ್ನು ಒಬ್ಬರಾದರೂ ನಂಬಿದರಲ್ಲ! ಅಕ್ಕಯ್ಯಮ್ಮನಿಗೆ ಅರ್ಧ ನೋವು ಅಲ್ಲೇ ಇಳಿದಂತಾಯಿತು.

ಅಂದಿನಿಂದ ಚಾಪೆಯ ಮೇಲೆ ಅಂಗಾತ ಮಲಗಿ ಮಂಡಿಗಳನ್ನು ಎದೆಗೆ ಅಪ್ಪಿಕೊಳ್ಳುವ ಪಾಠ. ಅಪ್ಪಿಕೊಂಡೇ ಒಂದು ಮಧ್ಯಾಹ್ನ ಜೊಂಪು ಹತ್ತಿತು. ಕನಸಿನಲ್ಲಿ ನಂದಿದುರ್ಗ ಎಂಬ ಹಳೆಯ ಚಿನ್ನದ ಗಣಿಯ ಸುರಂಗ. ಮುಂದೆ ಹಸು, ಹಿಂದೆ ತಲೆ ತಗ್ಗಿಸಿ ತಾನು. ಎಲ್ಲಿಂದಲೋ ಹಾಲಿನಂಥ ಬೆಳಕು. ನೀರು ಪಾದ ಮುಟ್ಟುತ್ತಿತ್ತು, ಜೋಮು ಹಿಡಿದ ಪಾದಕ್ಕೂ ತಣ್ಣಗೆ ತಿಳಿಯುತ್ತಿತ್ತು. ಎಚ್ಚರಾದ ಮೇಲೂ ಆ ತಂಪು ಸ್ವಲ್ಪ ಹೊತ್ತು ಉಳಿದಿತ್ತು.

ಯುಗಾದಿ ಹತ್ತಿರವಾಯಿತು. ಹಸು ನೋಡಲು ಗಿರಾಕಿ ಬರುವ ದಿನ ಬೆಳಗ್ಗೆ ಅವಳು ನಾಗೇಶನ ಹಳೆಯ ಸೈಕಲ್ಲಿಗೆ ಕ್ಯಾನು ಕಟ್ಟಿ, ಹ್ಯಾಂಡಲ್ಲಿಗೆ ಮೈಭಾರ ಕೊಟ್ಟು ತಳ್ಳುತ್ತ ಹೊರಟಳು. ಪಕ್ಕದಲ್ಲಿ ಸುಮಲತ.

"ಕಾಲು ಏನಂತವೆ ಅತ್ತೆ?"

"ಸುಮ್ಕಿರೇ. ಅವು ಮರ್ತಿರೋದ್ನ ಗ್ಯಾಪಕ ಮಾಡ್ಬೇಡ."

ಮಂಜು ಇನ್ನೂ ಕರಗಿರಲಿಲ್ಲ, ಡೈರಿ ಬಂದುಬಿಟ್ಟಿತು. ಸುಮಲತ ಅಲ್ಲಿಂದಲೇ ಗಂಡನಿಗೆ ಫೋನ್ ಮಾಡಿ, "ಗಿರಾಕಿಗೆ ಬರ್ಬೇಡ ಅನ್ನಿ," ಎಂದಳು.

"ಏನಕ್ಕಾ, ಗಂಡಸ್ರ ಸೈಕಲ್ ಇಡ್ಕೊಂಡು, ಮುದುಕಿ ಅಂಗೆ ಬಗ್ಗಿ!" ಚಿಕ್ಕವೆಂಕಟಮ್ಮ ಸುಮ್ಮನಿದ್ದಾಳೆಯೇ?

"ಬಗ್ಗೀನಿ ಕಣೇ. ಬಂದೂ ಇದೀನಿ."

ಹಾಲು ಹಾಕಿ, ಸುಮಲತಳನ್ನು ಮುಂದೆ ಮನೆಗೆ ಕಳಿಸಿ ಹೊರಗೆ ಬಂದರೆ, ಉಳಿದವರೆಲ್ಲ ಹೋಗಿಯಾಗಿತ್ತು. ಚಿಕ್ಕವೆಂಕಟಮ್ಮ ಒಬ್ಬಳೇ ಆ ಸೈಕಲ್ಲಿನ ಮೇಲೆ ಬಾಗಿ, ಕಣ್ಣು ಮುಚ್ಚಿ ನಿಂತಿದ್ದಳು. ಕೆನ್ನೆ ಒದ್ದೆಯಾಗಿತ್ತು.

"ನಂಗೂ ಅದೇ ಜೋಮು ಅಕ್ಕಾ. ಏಳಿದ್ರೆ ನಗ್ತಾರೆ ಅಂತ, ನಾನೇ ಮೊದ್ಲು ನಕ್ಬುಟ್ಟೆ."

ಅಕ್ಕಯ್ಯಮ್ಮನಿಗೆ ಸಿಟ್ಟೂ ಬಂತು, ಮರುಕವೂ ಬಂತು. ಅವಳ ಖಾಲಿ ಕ್ಯಾನನ್ನು ತೆಗೆದು ತನ್ನ ಕ್ಯಾನಿನ ಪಕ್ಕಕ್ಕೆ ಕಟ್ಟಿದಳು.

"ತಳ್ಳೇ," ಎಂದಳು, "ನಿಧಾನಕ್ಕೆ ಓಗಾನ."