ನಗುನಗುತ್ತಾ ಕೊಟ್ಟ ಮಾತ್ರೆ

"ಹೆಣೆ, ಬಾಯಿಯೆಲ್ಲ ಹುಣ್ಣ್. ಗಂಜಿ ಉಂಬುಕೂ ಆತಿಲ್ಲೆ."

ನಾವುಂದದಿಂದ ನನ್ನ ಸೋದರತ್ತೆ ಗಿರಿಜತ್ತೆಯ ಫೋನು. ಮೀನು ಮಾರುವ ಹೆಂಗಸು. ಅವರು ಬಾಯಿಬಿಟ್ಟರೆ ಅರ್ಧ ಮಾರ್ಕೆಟ್ಟಿಗೆ ಕೇಳುತ್ತದೆ. ಅವತ್ತು ನನಗೇ ಸರಿಯಾಗಿ ಕೇಳಲಿಲ್ಲ.

ವಾರದ ಹಿಂದೆ ಗಂಟುನೋವಿಗೆಂದು ನಾನೇ ಅವರನ್ನು ಕುಂದಾಪುರದ ಡಾಕ್ಟರಿಗೆ ತೋರಿಸಿದ್ದೆ. ಅಲ್ಲಿಂದ ಹೊಸ ಮೆಡಿಕಲ್ ಶಾಪಿಗೆ. ಎಸಿ, ಗಾಜಿನ ಬಾಗಿಲು, ಕೌಂಟರಿನಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದ ಫಾರ್ಮಸಿಸ್ಟ್ ಹುಡುಗಿ. "ವೆಲ್‌ಕಮ್ ಮೇಡಂ!" ಏನು ನಗು, ಏನು ವಿನಯ! ಚೀಟಿ ನೋಡಿ ಒಂದು ಕ್ಷಣ ತಡೆದಳು. ಮತ್ತೆ ನಕ್ಕಳು. "ದಿನಾ ಊಟ ಆದ್ಮೇಲೆ ಒಂದು, ಅಮ್ಮ."

(ನಾನೂ ಮರುಳಾಗಿ ಥ್ಯಾಂಕ್ಸ್ ಹೇಳಿದೆ. ಚೀಟಿ ಓದಿದೆನೆ? ಇಲ್ಲ.)

ಅದು ವಾರಕ್ಕೆ ಒಂದೇ ಒಂದು ನುಂಗಬೇಕಾದ ಮಾತ್ರೆ. ಅತ್ತೆ ಆರು ದಿನಕ್ಕೆ ಆರು ನುಂಗಿದ್ದರು. ರಕ್ತ ಪರೀಕ್ಷೆ, ಡ್ರಿಪ್, ಹತ್ತು ದಿನ ಆಸ್ಪತ್ರೆ. "ಇನ್ನೆರಡು ದಿನ ತಡವಾಗಿದ್ದರೆ ಉಳಿಸುವುದು ಕಷ್ಟವಿತ್ತು" ಎಂದರು ಡಾಕ್ಟರು.

ಅತ್ತೆ ಎದ್ದು ಕೂತ ದಿನ ನಾನು ಆ ಶಾಪಿಗೆ ಹೋದೆ. ನಡೆದದ್ದನ್ನು ಹೇಳಿದ ಕೂಡಲೇ ಟೈ ಕಟ್ಟಿದ ಮ್ಯಾನೇಜರ್ ಕೈ ಮುಗಿದರು. "ಸಾರಿ ಮೇಡಂ. ಆದ್ರೆ ನಮ್ಮ ಸ್ಟಾಫಿಗೆ ಪೂರ್ತಿ ಟ್ರೈನಿಂಗ್ ಆಗಿದೆ. ಸಾಫ್ಟ್ ಸ್ಕಿಲ್ಸ್!"

"ಡಾಕ್ಟರ ಚೀಟಿ ಓದುವುದನ್ನು ಎಷ್ಟು ದಿನ ಕಲಿಸಿದಿರಿ?"

ಅವರು ಟೈ ಸರಿಮಾಡಿಕೊಂಡರು. ಉತ್ತರ ಕೊಟ್ಟದ್ದು ಆ ಹುಡುಗಿ. ಹಾಲಾಡಿಯ ಕಡೆಯವಳು. ಈಗ ನಗುತ್ತಿರಲಿಲ್ಲ.

"ದಿನಕ್ಕಾ ವಾರಕ್ಕಾ ಅಂತ ನಂಗೆ ಡೌಟ್ ಬಂದಿತ್ ಅಕ್ಕ. ಡಾಕ್ಟ್ರಿಗೆ ಫೋನ್ ಮಾಡುವ ಅಂದ್ಕಂಡೆ. ಆದ್ರೆ ಕಸ್ಟಮರ್ ಎದ್ರಿಗೆ ಡೌಟ್ ತೋರ್ಸುಕಾಗ, ಕಾನ್ಫಿಡೆನ್ಸ್ ಬೇಕ್ ಅಂತ ಟ್ರೈನಿಂಗಂಗೆ ಹೇಳಿದ್ರ್."

ಕೇಳಿದಿರಾ? ಕಾಲೇಜು ಕಲಿಸಿದ ಅನುಮಾನವನ್ನು ಕಂಪೆನಿ ಟ್ರೈನಿಂಗ್ ಕೊಟ್ಟು ತೊಳೆದುಹಾಕಿದೆ! ಹೇಗೆ ನಿಲ್ಲಬೇಕು, ಎಷ್ಟು ಹಲ್ಲು ಕಾಣಿಸಬೇಕು, ಮಾತ್ರೆಯ ಜೊತೆ ವಿಟಮಿನ್ ಡಬ್ಬಿ ಹೇಗೆ ದಾಟಿಸಬೇಕು, ಎಲ್ಲವೂ ಸಿಲೆಬಸ್ಸಿನಲ್ಲಿದೆ. "ಡಾಕ್ಟರು ನಿಮಗೆ ಏನು ಹೇಳಿದರು ಅಮ್ಮ?" ಎಂದು ರೋಗಿಯನ್ನು ಕೇಳುವುದು ಮಾತ್ರ ಇಲ್ಲ. ಹಾಗಾದರೆ ಸಾಫ್ಟ್ ಸ್ಕಿಲ್ ಎಂದರೆ ಏನು ಸ್ವಾಮಿ? ಸೀರೆ ಅಂಗಡಿಯ ಸೇಲ್ಸ್‌ಮನ್‌ಗೂ ಫಾರ್ಮಸಿಸ್ಟಿಗೂ ಬಿಳಿ ಕೋಟು ಮಾತ್ರವೇ ವ್ಯತ್ಯಾಸ?

ಮರುದಿನ ಹುಡುಗಿ ಬಸ್ಸು ಹಿಡಿದು ಆಸ್ಪತ್ರೆಗೆ ಬಂದಳು. ಮಂಚದ ಪಕ್ಕ ನಿಂತು ಬಿಕ್ಕಿದಳು. ಮ್ಯಾನೇಜರ್ ಬರಲಿಲ್ಲ, ಟ್ರೈನರಂತೂ ಯಾರೆಂದೇ ಗೊತ್ತಿಲ್ಲ.

ಅತ್ತೆ ಅವಳ ಕೈ ಹಿಡಿದುಕೊಂಡರು. "ಮರ್ಕಬೇಡ ಹೆಣೆ. ಗೊತ್ತಿಲ್ದಿರೆ ಕೇಣ್ಕ್. ಕೇಂಬುಕೆ ಎಂತಕೆ ನಾಚ್ಕಿ?"

ಗೊತ್ತಿಲ್ಲದಿದ್ದರೆ ಕೇಳು ಎಂದು ಶಾಲೆಯ ಮೆಟ್ಟಿಲು ಹತ್ತದ ಹೆಂಗಸು ಅರ್ಧ ನಿಮಿಷದಲ್ಲಿ ಕಲಿಸಿದ್ದನ್ನು ಕಲಿಸಲು ಈ ಕಂಪೆನಿಗೆ ಇನ್ನೆಷ್ಟು ರೋಗಿಗಳು ಬೇಕು?