ಅಕ್ಕ ಕಾಯುತ್ತಿದ್ದ ಡಯಾಟಮ್

ಇವತ್ತು ಬಾಳ್ಳುಪೇಟೆಯ ಬಸ್‌ಸ್ಟಾಪಿನ ಪಕ್ಕದಲ್ಲೇ ಮೀನಿನ ಲಾರಿಯೊಂದು ನಿಂತಿತು. ಸುತ್ತಲಿದ್ದವರೆಲ್ಲ ಮೂಗು ಮುಚ್ಚಿಕೊಂಡರು. ಮೀನು ಮುಟ್ಟದ ಮನೆಯ ನಾನು ಮಾತ್ರ ಎದೆ ತುಂಬ ಉಸಿರೆಳೆದುಕೊಂಡೆ. ನಗಬೇಡಿ, ಆ ಕಡಲ ವಾಸನೆ ನನ್ನ ಅಕ್ಕನ ಕೋಣೆಯದು.

ಅಕ್ಕ ಮಂಗಳೂರಿನಲ್ಲಿ ಡಯಾಟಮ್‌ಗಳನ್ನು ಕುರಿತು ಸಂಶೋಧನೆ ಮಾಡುತ್ತಿದ್ದಳು. ಬರಿಗಣ್ಣಿಗೆ ಕಾಣದ ಪಾಚಿ, ಮೈಗೆ ಗಾಜಿನಂಥ ಚಿಪ್ಪು. ತನ್ನ ಕಾಯಿಲೆಗೆ ಇನ್ನು ಮದ್ದಿಲ್ಲವೆಂದು ತಿಳಿದ ಮೇಲೆ, ಹೋದ ವರ್ಷ, ಡಯಾಟಮ್ ಇದ್ದ ಎರಡು ಸೀಸೆ ಸಮುದ್ರದ ನೀರು ಮತ್ತು ಮೈಕ್ರೋಸ್ಕೋಪಿನೊಂದಿಗೆ ಮಗ್ಗೆಯ ಮನೆಗೆ ಬಂದಳು. "ದೇವ್ರ ಮನೆ ಪಕ್ಕ ಮೀನಿನ ನೀರು ತಂದು ಇಕ್ಕವ್ಳೆ" ಎಂದು ಗೊಣಗುತ್ತಲೇ ಅವ್ವ ಕಿಟಕಿಯ ಬಳಿ ಜಾಗ ಮಾಡಿಕೊಟ್ಟಳು.

"ಇದರ ಚಿಪ್ಪು ಡಬ್ಬಿ, ಮುಚ್ಚಳ ಇದ್ದಂಗೆ ಕಣೇ," ಅಕ್ಕ ವಿವರಿಸಿದ್ದಳು. "ಒಂದು ಎರಡಾದಾಗ ಒಬ್ಬೊಬ್ರಿಗೆ ಒಂದೊಂದು ಹಳೇ ಅರ್ಧ ಚಿಪ್ಪು. ಹೊಸದನ್ನ ಅದರ ಒಳಗೇ ಕಟ್ಕೋಬೇಕು. ಹಂಗಾಗಿ ತಲೆಮಾರು ಕಳೆದಂಗೆ ಚಿಕ್ಕದಾಗ್ತಾ ಹೋಗ್ತವೆ."

"ಆಮೇಲೆ?"

"ಸತ್ತೋಗ್ತವೆ. ಇಲ್ಲಾ, ಗಂಡು ಹೆಣ್ಣು ಕೂಡಿದ್ರೆ ಮತ್ತೆ ದೊಡ್ಡದು ಹುಟ್ತೈತೆ."

ಅವಳ ಡಯಾಟಮ್‌ಗಳು ತೀರಾ ಚಿಕ್ಕವಾಗಿದ್ದವು. ಎರಡೂ ಸೀಸೆಯವನ್ನು ಬೆರೆಸಿ ಕಾಯತೊಡಗಿದಳು. ವಾರದಲ್ಲಿ ಹಾಸಿಗೆ ಹಿಡಿದಳು. ನೋಡುವ ಕೆಲಸ ನನಗೆ ಬಂತು. ಕನ್ನಡ ಮೇಡಮ್ಮು ನಾನು. ಮೊದಲ ಎರಡು ದಿನ ನನ್ನ ರೆಪ್ಪೆಗೂದಲನ್ನೇ ಡಯಾಟಮ್ ಅಂದುಕೊಂಡಿದ್ದೆ.

"ದೊಡ್ಡದು ಬಂದೈತೇನೇ?" ದಿನಾ ಬೆಳಿಗ್ಗೆ ಕೇಳುತ್ತಿದ್ದಳು.

"ಇಲ್ಲ ಕಣಕ್ಕ."

ಒಂದು ದಿನ ಆ ಮುಖ ನೋಡಲಾರದೆ "ಬಂದೈತೆ" ಅಂದುಬಿಟ್ಟೆ.

"ಚಿತ್ರ ಬರೆದು ತೋರ್ಸು."

ಕಂಡದ್ದನ್ನೇ ದೊಡ್ಡದಾಗಿ ಬರೆದೆ. ಬಹಳ ಹೊತ್ತು ನೋಡಿದಳು. "ಚೆನ್ನಾಗೈತೆ ಕಣೇ" ಎಂದು ನನ್ನ ಕೈ ಹಿಡಿದುಕೊಂಡಳು. ಮರುದಿನದಿಂದ ಕೇಳಲಿಲ್ಲ. ಬಚಾವಾದೆ ಅಂದುಕೊಂಡು ನಾನೂ ನೋಡುವುದನ್ನು ಬಿಟ್ಟೆ. ನಾಲ್ಕನೇ ದಿನ ಅಕ್ಕ ಹೋದಳು.

ಸೀಸೆ ಒಯ್ಯಲು ಮಂಗಳೂರಿನ ಲ್ಯಾಬಿನಿಂದ ಬಂದ ಅವಳ ಗೆಳತಿಗೆ ಆ ಚಿತ್ರ ತೋರಿಸಿದೆ. "ದೊಡ್ಡದು ಹುಟ್ಟೋದು ಹೀಗಲ್ಲ," ಅಂದರು. "ಮೊದಲು ಚಿಪ್ಪೇ ಇಲ್ಲದ ಮೆತ್ತನೆ ಉಂಡೆಯ ಹಾಗೆ ಊದಿಕೊಳ್ಳುತ್ತೆ."

"ಅಕ್ಕಂಗೆ ಗೊತ್ತಾಗಿರುತ್ತಾ?"

ಅವರು ಕಾಗದ ಮಡಿಚಿ ನನ್ನ ಕೈಗಿಟ್ಟರು. "ಅವಳ ಪಿಎಚ್‌ಡಿ ಅದರ ಮೇಲೇ ಅಲ್ವಾ."

ನಿನ್ನೆ ಅವರ ಫೋನ್ ಬಂತು. ಸೀಸೆಯಲ್ಲಿ ಅಷ್ಟಿಷ್ಟು ಜೀವ ಉಳಿದಿತ್ತಂತೆ, ಬೆಳೆಸಿದ್ದಾರಂತೆ. ದೊಡ್ಡದು ಇನ್ನೂ ಹುಟ್ಟಿಲ್ಲ. "ಬಂದು ನೋಡ್ತೀರಾ?" ಎಂದು ಕೇಳಿದರು. ಹಾಗಾಗಿ ಮಂಗಳೂರಿನ ಬಸ್ಸಿಗೆ ನಿಂತಿದ್ದೇನೆ. ಈ ಸಲ ಕಂಡದ್ದನ್ನಷ್ಟೇ ಹೇಳುತ್ತೇನೆ. ಬಂದೈತೇನೇ ಎಂದು ಕೇಳುವವಳು ಇಲ್ಲ, ಅಷ್ಟೆ.